‘ಬಣ್ಣ ಬಿಡುವುದೇ ಇದರ ಗುಣ’ ಎಂದರೆ ನಂಬಬೇಕೇ?

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸೀರೆ, ಕಾರು, ಚಾಕೊಲೇಟ್, ಬೆಲ್ಲ ಎಂದು ವಸ್ತು ಬೇರೆ ಬೇರೆಯಾದರೂ ಹಲವರು ಕೇಳಿದ್ದು ಒಂದೇ: ಮಾಲಿನಲ್ಲಿರುವ ಕುಂದನ್ನೇ ಹೆಚ್ಚುಗಾರಿಕೆ ಎಂದು ಸಾರುವವರನ್ನು ನಂಬಬಹುದೇ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಚೆಕ್ಕಿಂಗ್ ಟೇಬಲ್ ಮುಂದೆ 27 ವರ್ಷ ನಿಂತು, ಹೊಲಿದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವುದನ್ನೇ ಅನ್ನದ ದಾರಿ ಮಾಡಿಕೊಂಡವಳು ನಾನು. ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಇದಕ್ಕೇ ಬಿಟ್ಟಿದ್ದೇನೆ.

■ ದಸರೆಗೆಂದು 4,200 ರೂಪಾಯಿ ಕೊಟ್ಟು ಕೈಮಗ್ಗದ ಹತ್ತಿ ಸೀರೆ ಕೊಂಡೆ. ಮೊದಲ ಸಲ ನೆನೆಸಿದಾಗಲೇ ಬಕೆಟ್ಟಿನ ನೀರು ದಾಸವಾಳದ ಬಣ್ಣಕ್ಕೆ ತಿರುಗಿತು. ಜೊತೆಯಲ್ಲಿದ್ದ ನಮ್ಮ ಯಜಮಾನರ ಎರಡು ಬಿಳಿ ಅಂಗಿಗಳು ಹಾಳಾದವು. ಅಂಗಡಿಗೆ ಹೋದರೆ, ‘ಬಣ್ಣ ಬಿಡುವುದು ನೈಸರ್ಗಿಕ ಬಣ್ಣದ ಗುಣ ಮೇಡಂ, ಅದೇ ಇದರ ವಿಶೇಷ’ ಎಂದು ಮುದ್ರಿಸಿದ ಚೀಟಿಯೊಂದನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ತೋರಿಸಿದರು. ಇದು ನ್ಯಾಯವೇ?
– ಕಾಲೇಜು ಉಪನ್ಯಾಸಕಿ, ಗದಗ

ನ್ಯಾಯವಲ್ಲ. ಏಕೆ ಅಲ್ಲ ಎಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ಏಕೆಂದರೆ ನಿಮ್ಮ ಅಂಗಡಿಯವರು ಆಡಿದ ಮಾತಿಗೆ 60 ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ, ಮತ್ತು ಅದು ಹುಟ್ಟಿದ್ದು ನಮ್ಮ ದಕ್ಷಿಣ ಭಾರತದ ಬಟ್ಟೆಯಿಂದಲೇ.

ಕಣ್ಣೂರಿನ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಅವರ ಹೆಸರನ್ನು ನೀವು ಕೇಳಿರಬಹುದು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಲೀಲಾ ಪ್ಯಾಲೇಸ್ ಹೋಟೆಲ್ ಅವರು ಕಟ್ಟಿಸಿದ್ದು. ಲೀಲಾ ಎಂಬುದು ಅವರ ಪತ್ನಿಯ ಹೆಸರು. ಹೋಟೆಲಿಗೆ ಬರುವ ಮೊದಲು ಅವರದು ಕೈಮಗ್ಗದ ಬಟ್ಟೆಯ ವ್ಯಾಪಾರ. 1958ರಲ್ಲಿ ವಿಲಿಯಂ ಜೇಕಬ್ಸನ್ ಎಂಬ ಅಮೆರಿಕದ ಆಮದುದಾರ ಅವರನ್ನು ಹುಡುಕಿಕೊಂಡು ಬಂದ. ಅವನಿಗೆ ಬೇಕಾಗಿದ್ದು ಮದ್ರಾಸ್ ಚೌಕಳಿ ಬಟ್ಟೆ. ಗಿಡಮೂಲಿಕೆಯ ಬಣ್ಣದ ವಾಸನೆ, ಎಳ್ಳೆಣ್ಣೆಯ ವಾಸನೆ ಎರಡೂ ಬೆರೆತು ಮೂಗಿಗೆ ಹೊಡೆಯುವಂಥ ಬಟ್ಟೆ ಅದು. ಗಜಕ್ಕೆ ಒಂದು ಡಾಲರ್ ಎಂದು ಮಾತಾಯಿತು. ಇದನ್ನು ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು, ಇಲ್ಲದಿದ್ದರೆ ಬಣ್ಣ ಹರಿಯುತ್ತದೆ ಎಂದು ನಾಯರ್ ಎಚ್ಚರಿಸಿಯೇ ಕಳುಹಿಸಿದರು. ಹತ್ತು ಸಾವಿರ ಗಜ ಬಟ್ಟೆ ನ್ಯೂಯಾರ್ಕಿನ ಹಳೆಯ ಹೆಸರುವಾಸಿ ಉಡುಪಿನ ಮಳಿಗೆ ಬ್ರೂಕ್ಸ್ ಬ್ರದರ್ಸ್‌ಗೆ ಹೋಯಿತು. ಎಚ್ಚರಿಕೆಯ ಮಾತು ಮಾತ್ರ ಹಡಗು ಹತ್ತಲಿಲ್ಲ. ಕೊಂಡವರು ಎಂದಿನಂತೆ ಯಂತ್ರಕ್ಕೆ ಹಾಕಿದರು. ಮುಂದಿನದು ನಿಮ್ಮ ಬಕೆಟ್ಟಿನ ಕಥೆಯೇ.

ನಾಯರ್ ಅವರೇ ಹೇಳುತ್ತಿದ್ದ ಪ್ರಕಾರ, ವಕೀಲರು ಮೊಕದ್ದಮೆಯ ಬೆದರಿಕೆ ಹಾಕಿದರು, ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಅಲ್ಲಿ ಯಾರಿಗೋ ಬೇರೆ ದಾರಿ ಹೊಳೆಯಿತು. ‘ಸೆವೆಂಟೀನ್’ ಎಂಬ ಹುಡುಗಿಯರ ಪತ್ರಿಕೆಯ ಸಂಪಾದಕಿಗೆ ನಾಯರ್ ಅವರ ಸಂದರ್ಶನ ಮಾಡಿಸಿದರು. ‘ಬಣ್ಣ ಬಿಡುವ ಮದ್ರಾಸ್: ಭಾರತದ ಕೈಮಗ್ಗದ ಪವಾಡ’ ಎಂಬ ಧಾಟಿಯಲ್ಲಿ, ಪುಟಗಟ್ಟಲೆ ಚಿತ್ರಗಳೊಂದಿಗೆ ಲೇಖನ ಬಂತು. ಒಗೆದಷ್ಟು ಸಲವೂ ಬಣ್ಣಗಳು ಒಂದರೊಳಗೊಂದು ಇಳಿದು ಅಂಗಿ ಹೊಸ ರೂಪ ತಾಳುತ್ತದೆ ಎಂದು ಅದರಲ್ಲಿ ವಿವರಣೆ. ಕೆಲವೇ ದಿನಗಳಲ್ಲಿ ಅದೇ ಬಟ್ಟೆ ಬೇಕೆಂದು ಮಳಿಗೆಗೆ ಬೇಡಿಕೆಗಳ ಮಳೆ. ‘ಬಣ್ಣ ಬಿಡುವುದು ಖಾತರಿ’ ಎಂಬುದೇ ಆ ಬಟ್ಟೆಯ ಜಾಹೀರಾತಾಯಿತು.

ಈ ಕಥೆಯನ್ನು ವ್ಯಾಪಾರದ ಜಾಣ್ಮೆಯ ಉದಾಹರಣೆಯಾಗಿ ಹೇಳುವವರು ಬಹಳ. ನಾನು ಅದನ್ನು ಎರಡು ತುಂಡು ಮಾಡಿ ನೋಡುತ್ತೇನೆ. ಲೇಖನ ಬಂದ ಮೇಲೆ ಆ ಬಟ್ಟೆಯನ್ನು ಕೊಂಡವರಿಗೆ ಅದು ಬಣ್ಣ ಬಿಡುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಬಯಸಿ ಕೊಂಡರು. ಅವರಿಗೆ ಯಾವ ಮೋಸವೂ ಆಗಲಿಲ್ಲ, ಇಲ್ಲಿನ ನೇಕಾರರಿಗೆ ಕೆಲಸವೂ ಸಿಕ್ಕಿತು. ಆದರೆ ಮೊದಲ ಹತ್ತು ಸಾವಿರ ಗಜದ ಅಂಗಿ ತೊಟ್ಟವರು? ಅವರ ಬಟ್ಟೆ ಹಾಳಾದದ್ದು ಹಾಳಾದದ್ದೇ. ಲೇಖನ ಎಷ್ಟೇ ಚೆನ್ನಾಗಿದ್ದರೂ ಅವರ ಪಾಲಿಗೆ ಅದು ಪರಿಹಾರವಲ್ಲ. ನೀವು, ತಾಯಿ, ಆ ಮೊದಲ ಹತ್ತು ಸಾವಿರ ಗಜದವರ ಸಾಲಿನಲ್ಲಿದ್ದೀರಿ. ಚೀಟಿ ಸೀರೆಯ ಜೊತೆಗೆ ಬಾರದೆ ಗಲ್ಲಾಪೆಟ್ಟಿಗೆಯಿಂದ ಹೊರಬಂತಲ್ಲ, ಅಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಕಾರಣವಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಕಾರ್ಖಾನೆಗೆ ಹೊರದೇಶದ ಬೈಯರ್ ಒಬ್ಬರ ಆರು ಸಾವಿರ ಅಂಗಿಗಳ ಆರ್ಡರ್ ಬಂದಿತ್ತು. ನೀಲಿ ಬಣ್ಣ, ಪೂರ್ತಿ ಮಿಲ್ ಬಟ್ಟೆ. ತಪ್ಪಿರುವ ಜಾಗಕ್ಕೆ ನಾವು ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸುವುದು ವಾಡಿಕೆ. ಆ ಲಾಟ್‌ನಲ್ಲಿ ಬೆಳಗಿನ ಹನ್ನೊಂದಕ್ಕೇ ನನ್ನ ಸ್ಟಿಕ್ಕರ್ ಹಾಳೆ ಖಾಲಿಯಾಯಿತು. ಎಡತೋಳು ಒಂದು ಶೇಡ್, ಬಲತೋಳು ಇನ್ನೊಂದು ಶೇಡ್. ಬೆನ್ನಿನ ಮೇಲೆ ನೀರು ಚೆಲ್ಲಿ ಒಣಗಿದಂತೆ ತೇಪೆ ತೇಪೆ. ಬಣ್ಣ ಹಾಕುವಾಗಲೇ ಕೆಟ್ಟಿದ್ದ ಬಟ್ಟೆ ಅದು. ರಿಜೆಕ್ಟ್ ಎಂದು ಬರೆದುಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಮೇಲಿನವರೆಲ್ಲ ಕೂಡಿ ಮಾತನಾಡಿದರು. ಮೂರನೆಯ ದಿನ ರಟ್ಟಿನ ಪೆಟ್ಟಿಗೆಯೊಂದು ಬಂತು. ಅದರ ತುಂಬ ಕಂದು ಕಾಗದದ ಚೀಟಿಗಳು, ಸೆಣಬಿನ ದಾರ ಪೋಣಿಸಿದ್ದವು. ‘ಈ ಉಡುಪಿನ ಬಣ್ಣದಲ್ಲಿ ಕಾಣುವ ಏರುಪೇರು ದೋಷವಲ್ಲ, ಕೈಕೆಲಸದ ಸೊಬಗು. ಪ್ರತಿಯೊಂದೂ ಒಂದೊಂದು ಬಗೆ’ ಎಂಬ ಅರ್ಥದ ಇಂಗ್ಲಿಷ್ ಸಾಲುಗಳು. ಆ ಬಟ್ಟೆಗೆ ಯಾವ ಕೈಯೂ ಬಣ್ಣ ಹಾಕಿರಲಿಲ್ಲ. ಶಿಪ್‌ಮೆಂಟ್ ತಡವಾಗಬಾರದೆಂದು ನಮ್ಮನ್ನೆಲ್ಲ ರಾತ್ರಿ ಹತ್ತರವರೆಗೆ ಕೂರಿಸಿ ಚೀಟಿ ಕಟ್ಟಿಸಿದರು. ನಾನು ಅಂಟಿಸಿದ್ದ ಕೆಂಪು ಬಾಣಗಳನ್ನು ನಾನೇ ಕಿತ್ತು, ಅದೇ ಅಂಗಿಗೆ ಆ ಚೀಟಿಯನ್ನು ಕಟ್ಟಿದೆ. ಅಂದಿನ ಸಂಕಟ ಇನ್ನೂ ಹೋಗಿಲ್ಲ.

ಅದೇ ಮಾತು ಇಳಕಲ್ಲಿನ ಅಥವಾ ಮೊಳಕಾಲ್ಮೂರಿನ ಮಗ್ಗದಿಂದ ಇಳಿದ ಸೀರೆಯ ಮೇಲಿದ್ದರೆ ಅಕ್ಷರಕ್ಷರವೂ ಸತ್ಯ. ಅಲ್ಲಿ ನೂಲು ತುಂಡಾದರೆ ಕೈಯಿಂದ ಗಂಟು ಹಾಕುತ್ತಾರೆ, ಹೊಡೆತದ ಬಿಗಿ ಬೆಳಿಗ್ಗೆ ಒಂದು ತರಹ, ಸಂಜೆ ಒಂದು ತರಹ ಇರುತ್ತದೆ. ಆ ಏರುಪೇರು ಮನುಷ್ಯ ಕುಳಿತು ನೇಯ್ದ ಗುರುತು. ನಮ್ಮ ಕಾರ್ಖಾನೆಯ ಚೀಟಿ ನೇಕಾರರ ಆ ಗುರುತನ್ನು ಕದ್ದಿತ್ತು. ಹಾಗಾಗಿ ಇಂಥ ಚೀಟಿ ಕಂಡಾಗಲೆಲ್ಲ ನಾನು ಒಂದನ್ನೇ ಕೇಳಿಕೊಳ್ಳುತ್ತೇನೆ: ಇದು ಮುದ್ರಣವಾದದ್ದು ಯಾವಾಗ? ಮಾಲು ತಯಾರಾಗುವ ಮೊದಲೋ, ತಪ್ಪು ಸಿಕ್ಕಿಬಿದ್ದ ಮೇಲೋ?

ಇನ್ನು ನಿಮ್ಮ ಸೀರೆಯ ವಿಚಾರ. ನೈಸರ್ಗಿಕ ಬಣ್ಣವೆಂದರೆ ಹರಿಯಲೇಬೇಕೆಂಬ ನಿಯಮವೇನೂ ಇಲ್ಲ. ಅಳಲೆಕಾಯಿ ಮತ್ತು ಪಟಿಕದಲ್ಲಿ ಹದ ಮಾಡಿದ ನೂಲಿಗೆ ಮಂಜಿಷ್ಠದ ಬೇರಿನ ಕೆಂಪು ಚೆನ್ನಾಗಿಯೇ ಕಚ್ಚಿಕೊಳ್ಳುತ್ತದೆ. ಅರಿಶಿನದ ಹಳದಿ ನಿಲ್ಲುವುದಿಲ್ಲ, ಸೋಪು ತಗುಲಿದರೆ ಕೆಂಪಾಗುವುದನ್ನು ಎಲ್ಲರ ಅಡುಗೆಮನೆಯಲ್ಲೂ ನೋಡಿದ್ದೇವೆ. ಇಂಡಿಗೊ ನೀಲಿಯದು ಬೇರೆ ರೀತಿ. ಅದು ನೂಲಿನ ಮೇಲ್ಮೈಯಲ್ಲಿ ಕೂರುತ್ತದೆ, ತಿರುಳಿಗೆ ಇಳಿಯುವುದಿಲ್ಲ. ಜೀನ್ಸ್ ಮೊಣಕಾಲಿನ ಬಳಿ ಬಿಳಿಚಿಕೊಳ್ಳುವುದು ಅದಕ್ಕೇ, ಆ ಬಿಳುಪನ್ನೇ ಇಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಆದರೆ ದಾಸವಾಳದ ಬಣ್ಣದ ನೀರು ಬಕೆಟ್ ತುಂಬ ಬಂತೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಬಣ್ಣ ಹಾಕಿದ ಮೇಲೆ ನೂಲನ್ನು ಸರಿಯಾಗಿ ತೊಳೆಯದೆ, ಕಚ್ಚಿಕೊಳ್ಳದ ಬಣ್ಣವನ್ನು ಹಾಗೆಯೇ ಬಿಟ್ಟಿರುತ್ತಾರೆ. ಸೀರೆಯನ್ನು ಒಂದೇ ಆಗಿ, ತಣ್ಣೀರಿನಲ್ಲಿ, ಇನ್ನೂ ಎರಡು ಮೂರು ಸಲ ಒಗೆದು ನೋಡಿ. ನೀರು ತಿಳಿಯಾಗುತ್ತ ಬಂದರೆ ಅದು ಹೆಚ್ಚುವರಿ ಬಣ್ಣ. ನಾಲ್ಕನೆಯ ಸಲವೂ ಅಷ್ಟೇ ಕೆಂಪಾಗಿದ್ದರೆ ಬಣ್ಣ ಹಿಡಿದಿಲ್ಲ, ಅದು ಕೆಲಸದ ದೋಷ.

ಕಾನೂನು ನಿಮ್ಮ ಪರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು, ಸೀರೆ, ಹಾಳಾದ ಅಂಗಿಗಳ ಫೋಟೊ ಇಟ್ಟುಕೊಂಡು ಅಂಗಡಿಗೆ ಒಂದು ಪತ್ರ ಬರೆಯಿರಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಮುಂದಿನ ಸಲಕ್ಕೆ ಒಂದು ಮಾತು. ಕಾರ್ಖಾನೆಯಲ್ಲಿ ಬಣ್ಣದ ಪರೀಕ್ಷೆಗೆ ಪುಟ್ಟ ಯಂತ್ರವಿರುತ್ತದೆ. ಬೆರಳಿನಂಥ ಒಂದು ಕಡ್ಡಿಗೆ ಬಿಳಿ ಬಟ್ಟೆಯ ಚೂರು ಸುತ್ತಿ, ಬಟ್ಟೆಯ ಮೇಲೆ ಹತ್ತು ಸಲ ಹಿಂದೆ ಮುಂದೆ ಉಜ್ಜುತ್ತದೆ. ಒಣಗಿದ್ದಾಗ ಒಮ್ಮೆ, ಒದ್ದೆ ಮಾಡಿ ಇನ್ನೊಮ್ಮೆ. ಬಿಳಿ ಚೂರಿಗೆ ಎಷ್ಟು ಬಣ್ಣ ಹತ್ತಿತು ಎಂಬುದನ್ನು ಬೂದು ಪಟ್ಟಿಯೊಂದರ ಜೊತೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. 5 ಎಂದರೆ ಏನೂ ಹತ್ತಿಲ್ಲ. ಅಂಗಡಿಯಲ್ಲಿ ನಿಮ್ಮ ಬಿಳಿ ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಸೀರೆಯ ಒಳಮಡಿಕೆಯ ಮೇಲೆ ಹತ್ತು ಸಲ ಉಜ್ಜಿದರೆ ಸಾಕು. ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ.

■ ಫೋಕ್ಸ್‌ವ್ಯಾಗನ್ ಕಂಪನಿ ತನ್ನದೇ ಕಾರಿನ ಚಿತ್ರದ ಕೆಳಗೆ ‘ನಿಂಬೆಹಣ್ಣು’ ಎಂದು ಬರೆದು ಜಾಹೀರಾತು ಕೊಟ್ಟಿತ್ತು ಎಂದು ನಮ್ಮ ಮೇಷ್ಟ್ರು ಹೇಳಿದರು. ನಾವು ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
– ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ

ಸಂಬಂಧವಿಲ್ಲ. ನಮಗೆ ನಿಂಬೆಹಣ್ಣು ದೃಷ್ಟಿ ತೆಗೆಯುವ ಶುಭದ ವಸ್ತು. ಅಮೆರಿಕದ ಆಡುಮಾತಿನಲ್ಲಿ ‘ಲೆಮನ್’ ಎಂದರೆ ಕೊಂಡವನ ತಲೆಗೆ ಕಟ್ಟಿದ ಕೆಟ್ಟ ಗಾಡಿ. ಅಂಥ ಪದವನ್ನು ಕಂಪನಿ ತನ್ನ ಕಾರಿಗೇ ಹಾಕಿಕೊಂಡದ್ದು 1960ರಲ್ಲಿ. ಜಾಹೀರಾತು ಬರೆದದ್ದು ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಸಂಸ್ಥೆ. ಅದಕ್ಕೆ ಹಿಂದಿನ ವರ್ಷವೇ ಅವರು, ಉದ್ದುದ್ದ ಕಾರುಗಳ ಆ ದೇಶದಲ್ಲಿ, ಖಾಲಿ ಬಿಳಿ ಪುಟದ ಮೂಲೆಯಲ್ಲಿ ಬೀಟಲ್ ಕಾರನ್ನು ಚುಕ್ಕಿಯಷ್ಟು ತೋರಿಸಿ ‘ಸಣ್ಣದನ್ನು ಯೋಚಿಸಿ’ ಎಂದಿದ್ದರು. ಕಾರು ಚಿಕ್ಕದು ಎಂಬ ಕೊರತೆಯನ್ನು ಮುಚ್ಚದೆ, ಚಿಕ್ಕದಾದ್ದರಿಂದ ಪೆಟ್ರೋಲು ಕಡಿಮೆ, ನಿಲ್ಲಿಸಲು ಜಾಗ ಕಡಿಮೆ ಎಂದು ಬಿಡಿಸಿ ಹೇಳಿದ್ದರು.

ನಿಂಬೆಹಣ್ಣಿನ ಜಾಹೀರಾತಿನ ಬರಹ ನನ್ನ ಕಸುಬಿನವರಿಗೆ ಕಣ್ಣು ತುಂಬಿಬರುವಂಥದ್ದು. ಚಿತ್ರದಲ್ಲಿರುವ ಕಾರಿಗೆ ಹಡಗು ತಪ್ಪಿತು ಎಂದು ಅದು ಶುರುವಾಗುತ್ತದೆ. ಕಾರಣ, ಮುಂದಿನ ಸೀಟಿನೆದುರಿನ ಪುಟ್ಟ ಖಾನೆಯ (ಗ್ಲೋವ್ ಬಾಕ್ಸ್) ಮೇಲಿನ ಹೊಳೆಯುವ ಪಟ್ಟಿಯಲ್ಲಿ ಒಂದು ಕಲೆ. ನಿಮ್ಮ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ, ಕುರ್ಟ್ ಕ್ರೋನರ್ ಎಂಬ ಪರೀಕ್ಷಕನ ಕಣ್ಣಿಗೆ ಬಿತ್ತು ಎನ್ನುತ್ತದೆ. ಜರ್ಮನಿಯ ವೋಲ್ಫ್ಸ್‌ಬುರ್ಗ್ ಕಾರ್ಖಾನೆಯಲ್ಲಿ 3,389 ಮಂದಿಗೆ ತಪಾಸಣೆಯೊಂದೇ ಕೆಲಸ, ದಿನಕ್ಕೆ ತಯಾರಾಗುವ ಕಾರುಗಳು 3,000, ಅಂದರೆ ಕಾರಿಗಿಂತ ಪರೀಕ್ಷಕರೇ ಹೆಚ್ಚು. ಒಂದೊಂದು ಕಾರಿನಲ್ಲೂ 189 ಅಂಶಗಳನ್ನು ನೋಡಿ, 50ಕ್ಕೆ ಒಂದನ್ನು ಬೇಡವೆನ್ನುತ್ತಾರೆ. ಜಗತ್ತಿನ ಪತ್ರಿಕೆಗಳಲ್ಲಿ ಚೆಕ್ಕರ್ ಒಬ್ಬನ ಹೆಸರು ಅಚ್ಚಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಹೆಸರು ಯಾವ ಅಂಗಿಯ ಮೇಲೂ ಇರುವುದಿಲ್ಲ, ಒಳಜೇಬಿನಲ್ಲಿ ಒಂದು ನಂಬರಿನ ಚೀಟಿ ಮಾತ್ರ.

ನೀವು ಇನ್ನೊಂದು ಅಧ್ಯಾಯವನ್ನೂ ಓದಿಕೊಳ್ಳಬೇಕು. 2015ರ ಸೆಪ್ಟೆಂಬರ್‌ನಲ್ಲಿ ಇದೇ ಕಂಪನಿ ಸಿಕ್ಕಿಬಿತ್ತು. ತಪಾಸಣೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಹೊಗೆಯನ್ನು ಶುದ್ಧವಾಗಿಡುವ, ರಸ್ತೆಗಿಳಿದ ಮೇಲೆ ಬಿಟ್ಟುಬಿಡುವ ತಂತ್ರಾಂಶವನ್ನು ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದು ಇತ್ತು. ಅಮೆರಿಕದ ಪರಿಸರ ಸಂಸ್ಥೆಯ ಪ್ರಕಾರ ನೈಟ್ರೋಜನ್ ಆಕ್ಸೈಡ್‌ಗಳ ಪ್ರಮಾಣ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. ಇದನ್ನು ಮೊದಲು ಹಿಡಿದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಚಿಕ್ಕ ತಂಡ. ಅಳೆಯುವ ಯಂತ್ರಗಳನ್ನು ಕಾರಿನ ಹಿಂಭಾಗಕ್ಕೇ ಹೇರಿಕೊಂಡು ಊರೂರು ಓಡಿಸಿ ಅಳೆದರು. ಬೆಂಗಳೂರಿನಿಂದ ಓದಲು ಹೋಗಿದ್ದ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದರು. ಪುಟ್ಟ ಕಲೆಯನ್ನು ಊರಿಗೆಲ್ಲ ಸಾರಿ ಗಳಿಸಿದ ನಂಬಿಕೆಯನ್ನು 55 ವರ್ಷಗಳ ನಂತರ ದೊಡ್ಡ ದೋಷವನ್ನು ಬಚ್ಚಿಟ್ಟು ಕಳೆದುಕೊಂಡರು. ಪರೀಕ್ಷೆಯಲ್ಲಿ ಬರೆಯುವಾಗ ಎರಡನ್ನೂ ಬರೆಯಿರಿ. 1960 ಮಾತ್ರ ಬರೆದರೆ ಕಥೆ ಅರ್ಧವಾಗುತ್ತದೆ.

■ ನಾನು ಚಿಕ್ಕವಳಿದ್ದಾಗ ಡೈರಿ ಮಿಲ್ಕ್ ಚಾಕೊಲೇಟಿನಲ್ಲಿ ಹುಳು ಸಿಕ್ಕಿತೆಂದು ಅಪ್ಪ ಕೊಡಿಸುವುದನ್ನೇ ನಿಲ್ಲಿಸಿದ್ದರು. ಆಮೇಲೆ ಅಮಿತಾಭ್ ಬಚ್ಚನ್ ಬಂದು ಹೇಳಿದ ಮೇಲೆ ಎಲ್ಲರೂ ಮರೆತರು. ಮ್ಯಾಗಿಯದೂ ಹಾಗೇ ಆಯಿತು. ದೊಡ್ಡ ನಟರಿದ್ದರೆ ಯಾವ ತಪ್ಪನ್ನೂ ತೊಳೆಯಬಹುದೇ?
– ಇಬ್ಬರು ಮಕ್ಕಳ ತಾಯಿ, ಮೈಸೂರು

ನಟರನ್ನು ಬದಿಗಿಟ್ಟು ಪೊಟ್ಟಣವನ್ನು ನೋಡೋಣ. 2003ರ ಅಕ್ಟೋಬರ್, ದೀಪಾವಳಿಯ ಹೊಸ್ತಿಲಲ್ಲಿ ಮುಂಬೈಯ ಅಂಗಡಿಗಳಲ್ಲಿ ಹುಳು ಸಿಕ್ಕಿತು, ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಕ್ರಮಕ್ಕೆ ಇಳಿಯಿತು. ಹುಳು ಕಾರ್ಖಾನೆಯಲ್ಲಿ ಬಿದ್ದದ್ದಲ್ಲ, ಅಂಗಡಿಯವರು ಸರಿಯಾಗಿ ಇಟ್ಟುಕೊಳ್ಳದ್ದರಿಂದ ಬಂದದ್ದು ಎಂದು ಕ್ಯಾಡ್‌ಬರಿ ಹೇಳಿತು. ಹಾಗಾದರೆ ಪೊಟ್ಟಣವೇಕೆ ಗಾಳಿಯಾಡದಂತೆ ಭದ್ರವಾಗಿರಲಿಲ್ಲ ಎಂದು ಅಧಿಕಾರಿಗಳು ತಿರುಗಿ ಕೇಳಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಪ್ರಶ್ನೆ ಅದೇ. 2004ರ ಜನವರಿಯಲ್ಲಿ ಕಾವಿನಿಂದ ಬೆಸೆದು ಮುಚ್ಚಿದ ಹಾಳೆಯ ಹೊಸ ಪೊಟ್ಟಣ ಬಂತು. ಅಮಿತಾಭ್ ಜಾಹೀರಾತು ಅದರ ಜೊತೆಗೆ ಬಂತು. ಅಂಗಡಿಗಳಲ್ಲಿ ದಾಸ್ತಾನು ಇಡುವ ಕ್ರಮವನ್ನು ತಿದ್ದಲು ‘ವಿಶ್ವಾಸ್’ ಎಂಬ ಹೆಸರಿನಲ್ಲಿ ಕೆಲಸವೂ ನಡೆಯಿತು. ಇಲ್ಲಿ ಮಾತಿನ ಹಿಂದೆ ಬದಲಾದ ಒಂದು ವಸ್ತು ಇತ್ತು, ಅದನ್ನು ನೀವು ಕೈಯಲ್ಲಿ ಹಿಡಿದು ನೋಡಬಹುದಿತ್ತು. ಅದಿಲ್ಲದೆ ನಟ ಮಾತ್ರ ಬಂದಿದ್ದರೆ ನಿಮ್ಮ ತಂದೆಯವರ ನಿರ್ಧಾರವೇ ಸರಿ ಎನ್ನುತ್ತಿದ್ದೆ.

ಮ್ಯಾಗಿಯ ಪ್ರಕರಣ ಬೇರೆ ಜಾತಿಯದು. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರುಕಟ್ಟೆಯಿಂದ ಹಿಂಪಡೆಯಲು ಆದೇಶಿಸಿತು. ಸೀಸದ ಅಂಶ ಹೆಚ್ಚಿದೆ ಎಂಬುದು ಮುಖ್ಯ ಆರೋಪ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಹೊಸದಾಗಿ ಪರೀಕ್ಷಿಸಲು ಹೇಳಿತು. ಮೂರರಲ್ಲೂ ಸೀಸ ಮಿತಿಯೊಳಗೇ ಇತ್ತು. ತಯಾರಿಕೆ ಮತ್ತೆ ಶುರುವಾದ ಮೊದಲ ಕಾರ್ಖಾನೆಗಳಲ್ಲಿ ನಿಮ್ಮ ನಂಜನಗೂಡಿನದೂ ಒಂದು. ನವೆಂಬರ್‌ನಲ್ಲಿ ಅಂಗಡಿಗೆ ಬಂತು. ನಡುವಿನ ತಿಂಗಳುಗಳಲ್ಲಿ ‘ನಾವೂ ನಿಮ್ಮನ್ನು ನೆನೆಯುತ್ತಿದ್ದೇವೆ’ ಎಂಬ ಜಾಹೀರಾತುಗಳು ಬಂದವು. ಅವು ಹಾಸ್ಟೆಲಿನ ಹುಡುಗರ ನೆನಪನ್ನು ಕೆದಕಿದವು, ಮಾಹಿತಿ ಏನನ್ನೂ ಕೊಡಲಿಲ್ಲ. ನನ್ನ ಮಟ್ಟಿಗೆ ಮುಖ್ಯವಾದದ್ದು ಯಾರೂ ಹೆಚ್ಚು ಮಾತನಾಡದ ಒಂದು ಬದಲಾವಣೆ: ಪ್ರಾಧಿಕಾರ ಆಕ್ಷೇಪಿಸಿದ್ದ ‘ಎಂಎಸ್‌ಜಿ ಸೇರಿಸಿಲ್ಲ’ (ಎಂಎಸ್‌ಜಿ ಎಂದರೆ ರುಚಿ ಹೆಚ್ಚಿಸುವ ಪುಡಿ) ಎಂಬ ಸಾಲು ಪೊಟ್ಟಣದಿಂದ ಹೋಯಿತು. ಮಕ್ಕಳಿಗೆ ಕೊಡಿಸುವಾಗ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಸಣ್ಣಕ್ಷರದ ಕಡೆ ಕಣ್ಣು ಹೋಗಲಿ. ಒಂದು ಅನುಕೂಲವನ್ನೂ ತಿಳಿದಿರಿ: 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಇರಬೇಕು. ಕನ್ನಡದಲ್ಲಿ ಹೊಗಳಿ ಷರತ್ತನ್ನು ಇಂಗ್ಲಿಷಿನಲ್ಲಿ ಮುದುಡಿಸಿಟ್ಟರೆ ದೂರು ಕೊಡಿ.

■ ‘ಕಹಿಯಾಗಿದ್ದರೇನೇ ಔಷಧಿ’ ಎಂದು ನಮ್ಮತ್ತೆ ಹೇಳುತ್ತಾರೆ. ಕಂಪನಿಗಳೂ ಹೀಗೆ ಹೇಳಿ ಮಾರುತ್ತವೆಯೇ?
– ಗೃಹಿಣಿ, ಶಿರಸಿ

ಮಾರಿದ್ದಾರೆ. ಕೆನಡಾದ ಟೊರಾಂಟೊದಲ್ಲಿ ಬಕ್ಲಿ ಎಂಬ ಔಷಧ ವ್ಯಾಪಾರಿ 1919ರಲ್ಲಿ ತಯಾರಿಸಿದ ಕೆಮ್ಮಿನ ಔಷಧ ರುಚಿಯಲ್ಲಿ ಬಹಳ ಕೆಟ್ಟದ್ದು. 1980ರ ದಶಕದಲ್ಲಿ ಅವರ ಮಗನೇ ಜಾಹೀರಾತಿನಲ್ಲಿ ನಿಂತು ‘ರುಚಿ ಘೋರ, ಆದರೆ ಕೆಲಸ ಮಾಡುತ್ತದೆ’ ಎಂದರು. ವ್ಯಾಪಾರ ಏರಿತು. ಮಾತಿನ ಮೊದಲ ಅರ್ಧವನ್ನು ಒಂದು ಚಮಚದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅದು ನಿಜವೆಂದು ತಿಳಿದೊಡನೆ ಎರಡನೆಯ ಅರ್ಧವನ್ನೂ ನಂಬಿಬಿಡುತ್ತೇವೆ. ಕಹಿಯೇ ಗುಣಕ್ಕೆ ಪುರಾವೆಯಲ್ಲ ಎಂದು ಅತ್ತೆಯವರಿಗೆ ಮೆಲ್ಲಗೆ ಹೇಳಿ. ಅವರ ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತವೆನಿಸಿದರೆ ಕುಡಿಯಿರಿ, ಜ್ವರ ಮೂರು ದಿನ ದಾಟಿದರೆ ವೈದ್ಯರ ಹತ್ತಿರ ಹೋಗಿ.

■ ನಮ್ಮದು ಆಲೆಮನೆ. ಎರಡು ವರ್ಷದಿಂದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಪುಡಿ ಹಾಕುವುದನ್ನು ಬಿಟ್ಟಿದ್ದೇವೆ. ಬೆಲ್ಲ ಕಪ್ಪಗೆ ಬರುತ್ತದೆ. ಮಂಡಿಯಲ್ಲಿ ಹಳದಿ ಬೆಲ್ಲಕ್ಕೇ ಒಳ್ಳೆಯ ದರ, ನಮ್ಮದನ್ನು ಮೂಲೆಗೆ ತಳ್ಳುತ್ತಾರೆ. ಈಗ ನೇರವಾಗಿ ಮನೆಗಳಿಗೆ ಮಾರಬೇಕೆಂದಿದ್ದೇವೆ. ‘ಕಪ್ಪು ಬೆಲ್ಲವೇ ಶುದ್ಧ ಬೆಲ್ಲ’ ಎಂದು ಚೀಟಿ ಹಾಕಿಸಬೇಕೆಂದು ಮಗ ಹೇಳುತ್ತಾನೆ. ಹಾಕಿಸಬಹುದೇ ಅಕ್ಕಾ?
– ರೈತ, ಪಾಂಡವಪುರ ತಾಲ್ಲೂಕು

ಅಣ್ಣಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದರ ಕಡಿಮೆ ಸಿಗುತ್ತದೆಂದು ಗೊತ್ತಿದ್ದೂ ಎರಡು ವರ್ಷ ಪಟ್ಟುಹಿಡಿದು ನಿಂತಿದ್ದೀರಿ. ಗದಗಿನ ತಾಯಿಗೆ ಚೀಟಿಯ ಬಗ್ಗೆ ಕೋಪದಿಂದ ಬರೆದ ನಾನೇ ನಿಮಗೆ ಹೇಳುತ್ತೇನೆ: ಚೀಟಿ ಹಾಕಿಸಿ, ಖಂಡಿತ ಹಾಕಿಸಿ. ಆದರೆ ಮಗ ಹೇಳಿದ ಆ ಸಾಲು ಬೇಡ.

ಏಕೆಂದರೆ ಅದು ಪೂರ್ತಿ ಸತ್ಯವಲ್ಲ, ನಿಮಗೇ ಗೊತ್ತಿರುವಂತೆ. ಪಾಕ ಹೆಚ್ಚು ಕಾದರೂ ಬೆಲ್ಲ ಕಪ್ಪಾಗುತ್ತದೆ. ಕೊಪ್ಪರಿಗೆಯ ಮೇಲೆ ಬರುವ ಕೊಳೆಯನ್ನು ಸರಿಯಾಗಿ ತೆಗೆಯದಿದ್ದರೂ ಕಪ್ಪಾಗುತ್ತದೆ. ಕಬ್ಬಿನ ತಳಿ, ಗದ್ದೆಯ ಮಣ್ಣು, ದಾಸ್ತಾನಿನ ಕಾಲ ಎಲ್ಲವೂ ಬಣ್ಣವನ್ನು ಬದಲಿಸುತ್ತವೆ. ನಾಳೆ ಯಾರೋ ಹಳಸಿದ ಬೆಲ್ಲವನ್ನು ‘ಕಪ್ಪು, ಆದ್ದರಿಂದ ಶುದ್ಧ’ ಎಂದು ಮಾರಿದರೆ ನೀವು ಕಷ್ಟಪಟ್ಟು ಗಳಿಸಿದ ಹೆಸರಿಗೇ ಏಟು. ಬಣ್ಣದ ಮೇಲೆ ಆಣೆ ಇಡುವ ಬದಲು, ನೀವು ಏನು ಮಾಡುತ್ತೀರಿ ಎಂಬುದನ್ನು ಬರೆಯಿಸಿ. ಹೈಡ್ರೋಸ್ ಎಂದರೇನು ಎಂಬುದು ಪೇಟೆಯವರಿಗೆ ಗೊತ್ತಿಲ್ಲ. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಪುಡಿ, ಬಣ್ಣ ತಿಳಿಯಾಗಿಸಲು ಪಾಕಕ್ಕೆ ಹಾಕುತ್ತಾರೆ, ಅದರ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ ಎಂದು ಸರಳವಾಗಿ ಹೇಳಿ. ನೀವು ಅದರ ಬದಲು ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಬಳಸುತ್ತಿದ್ದರೆ ಅದನ್ನೂ ಬರೆಯಿರಿ. ಹಾಗೆ ಬರೆದದ್ದನ್ನು ಯಾರಾದರೂ ಆಲೆಮನೆಗೆ ಬಂದು ನೋಡಲಿ ಎಂದು ಕರೆಯಿರಿ. ಕಬ್ಬು ಅರೆಯುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುವವರು ಬಹಳ ಮಂದಿ ಇದ್ದಾರೆ, ಬಿಸಿ ಬೆಲ್ಲದ ವಾಸನೆ ನೂರು ಜಾಹೀರಾತಿಗೆ ಸಮ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ನಿಮ್ಮ ಬೆಲ್ಲದ ನಿಜವಾದ ತೊಂದರೆಗಳನ್ನೂ ಚೀಟಿಯಲ್ಲಿ ಹಾಕಿ. ಮಳೆಗಾಲದಲ್ಲಿ ಅದು ಬೆವರುತ್ತದೆ, ಮೆತ್ತಗಾಗುತ್ತದೆ. ಹಾಲು ಕುದಿಯುವಾಗ ಹಾಕಿದರೆ ಒಡೆಯಬಹುದು. ಒಂದು ಅಡಿಗೆಯ, ಅಂದರೆ ಒಂದು ಸಲ ಕಾಯಿಸಿ ಇಳಿಸಿದ ಬೆಲ್ಲ ಇನ್ನೊಂದು ಅಡಿಗೆಯದರಂತೆ ಇರುವುದಿಲ್ಲ. ಕೊಂಡವರು ಮನೆಯಲ್ಲಿ ಇದನ್ನು ಕಂಡು ಗಾಬರಿಯಾಗುವ ಮೊದಲೇ ನೀವೇ ಹೇಳಿದ್ದರೆ, ಎರಡನೆಯ ಸಲವೂ ನಿಮ್ಮ ಹತ್ತಿರವೇ ಬರುತ್ತಾರೆ. ನಾನು ಒಂದು ಕರಡು ಬರೆದಿದ್ದೇನೆ, ನೋಡಿ:

‘ಇದು ನಮ್ಮ ಆಲೆಮನೆಯಲ್ಲಿ ಮಾಡಿದ ಅಚ್ಚು ಬೆಲ್ಲ. ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಹಾಕುವುದಿಲ್ಲ, ಅದಕ್ಕೇ ಕಪ್ಪಗಿದೆ. ಪ್ರತಿ ಸಲವೂ ಬಣ್ಣ ಒಂದೇ ತರಹ ಇರುವುದಿಲ್ಲ. ಮಳೆಗಾಲದಲ್ಲಿ ಬೆವರುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಕಾಫಿ, ಚಹಾಕ್ಕೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯಬಹುದು. ಇಷ್ಟವಾಗದಿದ್ದರೆ ಹದಿನೈದು ದಿನದೊಳಗೆ ಹಿಂದಿರುಗಿಸಿ, ಹಣ ಕೊಡುತ್ತೇವೆ. ಮಾಡಿದ ದಿನ: ____’

ಕೊನೆಯ ಸಾಲಿನ ಖಾಲಿ ಜಾಗವನ್ನು ಪ್ರತಿ ಅಡಿಗೆಗೂ ಪೆನ್ನಿನಲ್ಲಿ ತುಂಬಿಸಿ, ಮುದ್ರಿಸಿ ಇಟ್ಟುಕೊಳ್ಳಬೇಡಿ. ಹಣ ಹಿಂದಿರುಗಿಸುವ ಸಾಲು ನಿಮಗೆ ಕಷ್ಟವೆನಿಸಿದರೆ ಮಗನ ಜೊತೆ ಕುಳಿತು ಮಾತನಾಡಿ, ಆಗುವುದಿಲ್ಲ ಎನಿಸಿದರೆ ಅದನ್ನು ತೆಗೆದುಬಿಡಿ, ಬರೆದು ತಪ್ಪಬಾರದು. ಮುದ್ರಣಕ್ಕೆ ಕೊಡುವ ಮೊದಲು ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳುಹಿಸಿ, ಕಾಗುಣಿತ ನೋಡಿ ಕೊಡುತ್ತೇನೆ. ಜೊತೆಗೆ ಎರಡು ಅಚ್ಚು ಬೆಲ್ಲವನ್ನೂ ಕಳುಹಿಸಿ, ದುಡ್ಡು ಮನಿಯಾರ್ಡರ್ ಮಾಡುತ್ತೇನೆ. ಸಂಕ್ರಾಂತಿಗೆ ಎಳ್ಳಿನ ಜೊತೆ ಈ ಸಲ ನಮ್ಮ ಮನೆಯಲ್ಲಿ ನಿಮ್ಮ ಕಪ್ಪು ಬೆಲ್ಲವೇ ಇರಲಿ.